ಉದ್ದದ ಕಬ್ಬು

ಸೆಪ್ಟೆಂಬರ್ 8 ನಮ್ಮ ಕರಾವಳಿಯ ಕ್ರೈಸ್ತರಿಗೆ ಮೊಂತಿ ಹಬ್ಬ. ಯೇಸುವಿನ ತಾಯಿ ಮರಿಯಮ್ಮನವರ ಹುಟ್ಟುಹಬ್ಬ. ಅದಕ್ಕೆ ಮೊದಲಿನ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತುಂಬಿಸಿಕೊಂಡು ಹೋಗಿ ಬಾಲೆ ಮರಿಯಳ ಪ್ರತಿಮೆಗೆ ಹಾಕುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆ ಮನೆಗೆ ಕೊಡುತ್ತಾರೆ. ಬಲಿಪೂಜೆ ಮುಗಿದ ಮೇಲೆ ಹೂ ತಂದ ಮಕ್ಕಳಿಗೆಲ್ಲ ಕಬ್ಬು ಹಂಚುತ್ತಾರೆ.

ನನಗೆ ಆಗ ಏಳು ವರ್ಷ ಇರಬೇಕು. ನನಗೂ ತಮ್ಮನಿಗೂ ಒಂದೊಂದು ಕಬ್ಬು ಸಿಕ್ಕಿತು. ಮನೆಗೆ ಬರುವ ದಾರಿಯಲ್ಲಿ ಎರಡನ್ನೂ ಪಕ್ಕದಲ್ಲಿಟ್ಟು ಅಳತೆ ಮಾಡಿದೆ. ಅವನದು ಒಂದು ಗೇಣು ಉದ್ದ ಇತ್ತು. ನಾನು ಅಲ್ಲೇ ರಸ್ತೆಯಲ್ಲಿ ಕೂತು ಅತ್ತೆ. ನನ್ನ ಕಬ್ಬನ್ನು ತೋಡಿಗೆ ಎಸೆದೆ. ಮಧ್ಯಾಹ್ನ ಎಲ್ಲರೂ ಹೊಸ ಅಕ್ಕಿಯ ಊಟ ಮಾಡಿ ಕಬ್ಬು ಜಗಿಯುತ್ತಿದ್ದಾಗ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಅಜ್ಜಿ ಬೈಯಲಿಲ್ಲ. "ನಿನ್ನ ಕಬ್ಬು ಸಿಹಿ ಇತ್ತಾ ಇಲ್ಲವಾ ಅಂತ ನಿನಗೆ ಗೊತ್ತೇ ಆಗಲಿಲ್ಲವಲ್ಲ ಮಗಾ" ಎಂದರು ಅಷ್ಟೆ.

ಆ ಮಾತಿನ ಅರ್ಥ ನನಗೆ ತಿಳಿಯಲು ಇನ್ನೂ ಹತ್ತು ವರ್ಷ ಬೇಕಾಯಿತು. ಅದು ತಿಳಿದ ಬಗೆಯನ್ನು ನಮ್ಮ ಕಾಲೇಜಿನ ಈ ಸಂಚಿಕೆಯಲ್ಲಿ ಹೇಳಿಕೊಳ್ಳಬೇಕೆಂದು ಬರೆಯುತ್ತಿದ್ದೇನೆ. ಇದರಲ್ಲಿ ಬರುವ ಗೆಳತಿಗೆ ಮೊದಲು ಓದಿ ಹೇಳಿದ್ದೇನೆ. "ಬರಿ, ಆದರೆ ಹೆಸರು ಹಾಕಬೇಡ" ಎಂದಿದ್ದಾಳೆ. ಅವಳ ಹೆಸರು ತಿಳಿಯಬಾರದು ಎಂದರೆ ನನ್ನ ಹೆಸರೂ ಇರಬಾರದು. ಅದಕ್ಕೇ ಹೆಸರಿಲ್ಲದೆ ಬರೆಯುತ್ತಿದ್ದೇನೆ.

ನಾವಿಬ್ಬರೂ ಒಂದೇ ಊರಿನವರು, ಒಂದೇ ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಓದಿದವರು. ಅವಳ ಮನೆಯಲ್ಲಿ ಬ್ಯಾರಿ ಭಾಷೆ, ನಮ್ಮ ಮನೆಯಲ್ಲಿ ಕೊಂಕಣಿ. ಬಸ್ಸಿನಲ್ಲಿ ಇಬ್ಬರಿಗೂ ತುಳು. ಎಸ್ಸೆಸ್ಸೆಲ್ಸಿಯಲ್ಲಿ ನನಗೆ 625ರಲ್ಲಿ 584, ಅವಳಿಗೆ 561. ಇಬ್ಬರೂ ಈ ಕಾಲೇಜಿನಲ್ಲಿ ವಿಜ್ಞಾನಕ್ಕೆ ಸೇರಿದೆವು. ಆಗ ನಮ್ಮ ಸಂಬಂಧಿಕರಲ್ಲಿ ಒಂದಿಬ್ಬರು "ಅಲ್ಲಿಗೆ ಯಾಕೆ ಸೇರಿಸಿದ್ದು?" ಎಂದು ಅಪ್ಪನನ್ನು ಕೇಳಿದ್ದುಂಟು. "ಗೆಳತಿ ಇದ್ದಾಳೆ, ಬಸ್ಸು ಗೇಟಿನ ಎದುರೇ ನಿಲ್ಲುತ್ತದೆ, ಪಾಠ ಚೆನ್ನಾಗಿದೆ. ಇನ್ನೆಂತ ಬೇಕು?" ಎಂದು ಅಪ್ಪ ಹೇಳಿದ್ದರು. ಮೊದಲ ದಿನ ನನಗೆ ಹೆದರಿಕೆ ಇತ್ತು. ಅವಳೇ ಕೈ ಹಿಡಿದು ತರಗತಿ ಹುಡುಕಿ, ಎರಡನೇ ಬೆಂಚಿನಲ್ಲಿ ನನಗೆ ಜಾಗ ಹಿಡಿದು ಕೂರಿಸಿದ್ದಳು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ನಾನು ಅಸೂಯೆಪಟ್ಟದ್ದು ಕೆಟ್ಟವಳೊಬ್ಬಳ ಮೇಲಲ್ಲ.

ಪ್ರಥಮ ಪಿಯುಸಿಯಲ್ಲಿ ಎಲ್ಲವೂ ಇಂಗ್ಲಿಷ್. ನಾನು ಮುಗ್ಗರಿಸಿದೆ. ಅವಳಿಗೂ ಕಷ್ಟವಾಯಿತು, ಆದರೆ ಗೊತ್ತಾಗದ್ದನ್ನು ನಿಂತು ಕೇಳುವ ಧೈರ್ಯ ಅವಳಿಗಿತ್ತು. ನನಗೆ ನಾಚಿಕೆ. ಮಧ್ಯವಾರ್ಷಿಕ ಪರೀಕ್ಷೆಯಲ್ಲಿ ಭೌತಶಾಸ್ತ್ರದ 70 ಅಂಕಗಳಲ್ಲಿ ಅವಳಿಗೆ 63, ನನಗೆ 41. ಉತ್ತರ ಪತ್ರಿಕೆ ಕೈಗೆ ಬಂದಾಗ ನಾನು ಮೊದಲು ನೋಡಿದ್ದು ನನ್ನ ಅಂಕವನ್ನಲ್ಲ, ಅವಳದನ್ನು. ತರಗತಿಯಲ್ಲಿ ಅವಳಿಗಿಂತ ಹೆಚ್ಚು ತೆಗೆದವರು ಮೂರು ಜನ ಇದ್ದರು. ಅವರ ಬಗ್ಗೆ ನನಗೆ ಏನೂ ಅನ್ನಿಸಲಿಲ್ಲ. ರಾಜ್ಯಕ್ಕೆ ಮೊದಲು ಬಂದವರ ಫೋಟೋ ಪತ್ರಿಕೆಯಲ್ಲಿ ನೋಡಿ ಯಾರಿಗೂ ಹೊಟ್ಟೆ ಉರಿಯುವುದಿಲ್ಲ. ಪಕ್ಕದಲ್ಲಿ ಕೂತವಳು, ನಿನ್ನೆಯವರೆಗೆ ನನ್ನ ಹಿಂದೆ ಇದ್ದವಳು ಮುಂದೆ ಹೋದರೆ ಉರಿಯುತ್ತದೆ.

ಬೈಬಲಿನಲ್ಲಿ ಸೌಲ ಎಂಬ ರಾಜನ ಕಥೆ ಇದೆ. ಕುರಿ ಕಾಯುತ್ತಿದ್ದ ಹುಡುಗ ದಾವೀದ ಗೋಲಿಯಾತನನ್ನು ಕೊಂದು ಬಂದಾಗ ಊರಿನ ಹೆಂಗಸರು ಹಾಡುತ್ತಾ ಎದುರುಗೊಂಡರು. ಆ ಹಾಡಿನಲ್ಲಿ ಸೌಲನ ಲೆಕ್ಕಕ್ಕೆ ಸಾವಿರ, ದಾವೀದನ ಲೆಕ್ಕಕ್ಕೆ ಹತ್ತು ಸಾವಿರ ಎಂದಿತ್ತು. ಹಾಡು ಸೌಲನನ್ನೂ ಹೊಗಳಿತ್ತು. ಅವನ ಸಿಂಹಾಸನ ಅವನ ಹತ್ತಿರವೇ ಇತ್ತು. ಆದರೆ ಆ ದಿನದಿಂದ ಅವನಿಗೆ ಕೇಳಿಸಿದ್ದು ಹತ್ತು ಸಾವಿರ ಮಾತ್ರ. ನನಗೂ ಹಾಗೆಯೇ ಆಯಿತು. 41ರಿಂದ ಮೇಲೆ ಬರುವುದು ಹೇಗೆ ಎಂದು ಯೋಚಿಸಬೇಕಾಗಿತ್ತು. ನಾನು 63ರ ಬಗ್ಗೆಯೇ ಯೋಚಿಸುತ್ತಿದ್ದೆ.

ನನಗೆ ಉಳಿದಿದ್ದ ಒಂದೇ ಸಮಾಧಾನ ಕನ್ನಡ. ಹೈಸ್ಕೂಲಿನಲ್ಲಿ ಪ್ರಬಂಧ ಎಂದರೆ ನಾನು. ಆದರೆ ಅವಳು ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಸಣ್ಣ ಸಣ್ಣ ಕವನ ಬರೆಯುತ್ತಿದ್ದಳು. ಅದು ಕನ್ನಡ ಮೇಡಂ ಕಣ್ಣಿಗೆ ಬಿತ್ತು. ಅವರು ಒಂದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದರು. ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ನನ್ನ ಕೈಗಳು ಹೊಡೆಯುತ್ತಿದ್ದವು, ಒಳಗೆ ಮಾತ್ರ ಬೇರೆಯೇ ನಡೆಯುತ್ತಿತ್ತು.

ನವೆಂಬರಿನಲ್ಲಿ ಒಂದು ಅಂತರ ಕಾಲೇಜು ಪ್ರಬಂಧ ಸ್ಪರ್ಧೆ ಬಂತು. ಕಾಲೇಜಿಗೆ ಒಬ್ಬರಿಗೆ ಮಾತ್ರ ಅವಕಾಶ. ಆ ವಾರ ಅವಳ ಅಜ್ಜಿಯನ್ನು ಆಸ್ಪತ್ರೆಗೆ ಸೇರಿಸಿದ್ದರು, ಅವಳು ರಜೆಯಲ್ಲಿದ್ದಳು. ಮೇಡಂ ನನ್ನನ್ನು ಕರೆದು, "ಅವಳ ಹೆಸರು ಕೊಡಬೇಕೆಂದಿದ್ದೇನೆ. ನೀವಿಬ್ಬರೂ ಒಂದೇ ಊರಲ್ಲವಾ, ಕೇಳಿ ಹೇಳು. ನಾಳೆ ಮಧ್ಯಾಹ್ನದೊಳಗೆ ಹೆಸರು ಕಳಿಸಬೇಕು. ಅವಳಿಗೆ ಆಗುವುದಿಲ್ಲ ಎಂದರೆ ನೀನು ಹೋಗು" ಎಂದರು.

ಆ ರಾತ್ರಿ ಅಮ್ಮನ ಫೋನಿನಲ್ಲಿ ಅವಳಿಗೆ ಸಂದೇಶ ಬರೆದೆ. ಅಳಿಸಿದೆ. ಮತ್ತೆ ಬರೆದೆ, ಮತ್ತೆ ಅಳಿಸಿದೆ. 'ಅಜ್ಜಿಗೆ ಹುಷಾರಿಲ್ಲದಾಗ ತೊಂದರೆ ಯಾಕೆ ಕೊಡುವುದು' ಎಂದು ನನಗೆ ನಾನೇ ಹೇಳಿಕೊಂಡೆ. ಪಾಪ ಮಾಡುವಾಗ ಮನುಷ್ಯನಿಗೆ ಎಷ್ಟು ಒಳ್ಳೆಯ ಕಾರಣಗಳು ಸಿಗುತ್ತವೆ! ಮರುದಿನ ಸ್ಟಾಫ್ ರೂಮಿಗೆ ಹೋಗಿ, "ಅವಳಿಗೆ ಆಗುವುದಿಲ್ಲವಂತೆ ಮೇಡಂ" ಎಂದೆ.

'ಅಂತೆ.' ಕನ್ನಡದಲ್ಲಿ ಎರಡೇ ಅಕ್ಷರ. ಅವಳು ಹೇಳಿದಳು ಎಂದು ನಾನು ಹೇಳಲಿಲ್ಲ, ಆದರೆ ಅವಳೇ ಹೇಳಿದ ಹಾಗಾಯಿತು. ನನ್ನ ಸುಳ್ಳು ಪೂರ್ತಿ ಆ ಎರಡಕ್ಷರದಲ್ಲಿ ಅಡಗಿ ಕೂತಿತ್ತು.

ನಾಲ್ಕು ದಿನ ಬಿಟ್ಟು ಅವಳು ಬಂದಳು. ಅಜ್ಜಿ ಮನೆಗೆ ಬಂದಿದ್ದರು. ಸ್ಪರ್ಧೆಗೆ ನಾನು ಹೋಗುತ್ತಿದ್ದೇನೆ ಎಂದು ತರಗತಿಯಲ್ಲಿ ಯಾರೋ ಹೇಳಿದರು. ಅವಳ ಮುಖ ಒಂದು ಕ್ಷಣ ಸಣ್ಣದಾಯಿತು. ಆಮೇಲೆ ನಕ್ಕು, "ಚೆನ್ನಾಗಿ ಬರಿ ಮಾರಾಯ್ತಿ" ಎಂದು ಕಂಪಾಸ್ ಪೆಟ್ಟಿಗೆಯಿಂದ ತನ್ನ ಶಾಯಿ ಪೆನ್ನು ತೆಗೆದುಕೊಟ್ಟಳು. ಅದು ನಿಲ್ಲದೆ ಬರೆಯುವ ಪೆನ್ನು. ಆ ಪೆನ್ನಿನಿಂದಲೇ ನಾನು ಬರೆದೆ. ಸ್ಪರ್ಧೆಯ ವಿಷಯ ಏನು ಗೊತ್ತೇ? 'ಸಹಬಾಳ್ವೆ'. ಪಕ್ಕದವರನ್ನು ನಮ್ಮಂತೆಯೇ ಪ್ರೀತಿಸಬೇಕು ಎಂದು ಎರಡು ಪುಟ ಬರೆದು ಮೂರನೇ ಬಹುಮಾನ ತೆಗೆದುಕೊಂಡೆ. ಒಂದು ಪ್ರಮಾಣಪತ್ರ, ಒಂದು ಪುಸ್ತಕ.

ಅಪ್ಪ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿದರು. ಯೇಸುವಿನ ಪಟದ ಕೆಳಗೆ, ಟಿವಿಯ ಪಕ್ಕದಲ್ಲಿ ಅದನ್ನು ಇಟ್ಟರು. ನಮ್ಮ ಮನೆಯಲ್ಲಿ ಸಂಜೆ ಎಲ್ಲರೂ ಆ ಪಟದ ಎದುರು ಮೊಣಕಾಲೂರಿ ಜಪಸರ ಪ್ರಾರ್ಥನೆ ಮಾಡುವ ಪದ್ಧತಿ. ಅಂದಿನಿಂದ ನಾನು ಕಣ್ಣು ಮುಚ್ಚಿಕೊಂಡೇ ಪ್ರಾರ್ಥನೆ ಮಾಡತೊಡಗಿದೆ. ನನ್ನ ಭಕ್ತಿ ಹೆಚ್ಚಾಗಿದೆ ಎಂದು ಅಜ್ಜಿ ಖುಷಿಪಟ್ಟರು.

ಇನ್ನೊಂದು ವಿಷಯವೂ ಆಯಿತು. ಗೆಳತಿಯ ನೋಟ್‌ಬುಕ್ಕಿನ ಕೊನೆಯ ಪುಟಗಳು ಖಾಲಿ ಉಳಿಯತೊಡಗಿದವು. ಅವಳು ಬರೆಯುವುದನ್ನು ನಿಲ್ಲಿಸಿದ್ದಳು. ಅದು ನನ್ನ ಗಮನಕ್ಕೆ ಬಂದಿತ್ತು. ಒಳಗೊಳಗೇ ಹಾಯೆನಿಸಿತ್ತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ, ಆದರೆ ಅದು ನಿಜ.

2025ರಲ್ಲಿ ರಂಜಾನ್ ಉಪವಾಸವೂ ನಮ್ಮ ತಪಸ್ಸು ಕಾಲವೂ ಒಂದೇ ವಾರದಲ್ಲಿ ಶುರುವಾದವು. ಮಾರ್ಚ್ 2ರಂದು ಅವಳ ಮೊದಲ ಉಪವಾಸ, ಮಾರ್ಚ್ 5ರಂದು ನಮ್ಮ ವಿಭೂತಿ ಬುಧವಾರ. ಈಸ್ಟರ್ ಹಬ್ಬಕ್ಕೆ ಮೊದಲಿನ ನಲವತ್ತು ದಿನಗಳ ತಪಸ್ಸು ಕಾಲ ಅಂದಿನಿಂದ ಶುರು. ಬೆಳಿಗ್ಗೆ ಪೂಜೆಯಲ್ಲಿ ಗುರುಗಳು ನಮ್ಮ ಹಣೆಗೆ ಬೂದಿ ಹಚ್ಚುತ್ತಾರೆ. ಪರೀಕ್ಷೆ ಮುಗಿದು ನಮಗೆ ದ್ವಿತೀಯ ಪಿಯುಸಿಯ ಸೇತುಬಂಧ ತರಗತಿಗಳು ನಡೆಯುತ್ತಿದ್ದವು. ಹಣೆಯ ಬೂದಿ ಒರೆಸದೆ ಬಸ್ಸು ಹತ್ತಿದೆ. ಅವಳು ನೋಡಿ, "ಇದು ಎಂತಕ್ಕೆ?" ಎಂದಳು.

"ಮಾಡಿದ ತಪ್ಪು ನೆನಪು ಮಾಡಿಕೊಳ್ಳಲಿಕ್ಕೆ."

"ನೀನು ಎಂತ ತಪ್ಪು ಮಾಡಿದ್ದಿ ಮಾರಾಯ್ತಿ?" ಎಂದು ನಕ್ಕಳು. ಬೆಳಗಿನ ಜಾವ ಎದ್ದು ಸಹರಿ ಮಾಡಿದ್ದರಿಂದ ಅವಳಿಗೆ ನಿದ್ದೆ ತೂಗುತ್ತಿತ್ತು. ನನ್ನ ಹೆಗಲಿಗೆ ತಲೆ ಇಟ್ಟು ಮಲಗಿದಳು. ಕಾಲೇಜು ಬರುವವರೆಗೆ ನಾನು ಅಲುಗಾಡಲಿಲ್ಲ. ಅಂದು ನನಗೆ ಹೆಗಲಿನ ಮೇಲೆ ಕಲ್ಲು ಇಟ್ಟ ಹಾಗಾಗಿತ್ತು.

ಮುಂದಿನ ವಾರ, ಮಾರ್ಚ್ 15ರ ಶನಿವಾರ ಚರ್ಚಿನಲ್ಲಿ ಪಾಪನಿವೇದನೆ ಇತ್ತು. ಮುಸ್ಲಿಂ ಮತ್ತು ಹಿಂದೂ ಗೆಳೆಯರಿಗಾಗಿ ಒಂದು ಮಾತು: ನಮ್ಮಲ್ಲಿ ಮಾಡಿದ ಪಾಪವನ್ನು ಗುರುಗಳ ಮುಂದೆ ಬಾಯಿಬಿಟ್ಟು ಹೇಳಿ, ಪಶ್ಚಾತ್ತಾಪಪಟ್ಟು, ದೇವರ ಕ್ಷಮೆ ಪಡೆಯುವ ಸಂಸ್ಕಾರವಿದೆ. ಗುರುಗಳು ಅದನ್ನು ಯಾರಿಗೂ ಹೇಳುವಂತಿಲ್ಲ. ಹೇಳಿಕೊಂಡವರು ಮಾತ್ರ ಹೇಳಬಹುದು. ಕ್ರಿಸ್ಮಸ್‌ಗೆ ಮುಂಚೆಯೂ ನಾನು ಹೋಗಿದ್ದೆ. ಆಗ "ಅಮ್ಮನಿಗೆ ಎದುರುತ್ತರ ಕೊಟ್ಟೆ, ತಮ್ಮನಿಗೆ ಹೊಡೆದೆ" ಎಂದು ಹೇಳಿ ದೊಡ್ಡದನ್ನು ಒಳಗೇ ಇಟ್ಟುಕೊಂಡು ಬಂದಿದ್ದೆ. ಈ ಸಲ ಎಲ್ಲವನ್ನೂ ಹೇಳಿದೆ. 'ಅಂತೆ' ಎಂದದ್ದನ್ನೂ ಹೇಳಿದೆ.

ಫಾದರ್ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ದ್ರಾಕ್ಷಿತೋಟದ ಸಾಮತಿ ನೆನಪಿದೆಯೇ ಎಂದು ಕೇಳಿದರು. ಮತ್ತಾಯನ ಶುಭಸಂದೇಶದ ಇಪ್ಪತ್ತನೇ ಅಧ್ಯಾಯದಲ್ಲಿ ಯೇಸು ಹೇಳಿದ ಕಥೆ ಅದು. ತೋಟದ ಯಜಮಾನ ಬೆಳಿಗ್ಗೆ ಕೆಲವರನ್ನು ಕೂಲಿಗೆ ಕರೆದ. ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ, ಕೊನೆಗೆ ಸಂಜೆ ಐದಕ್ಕೂ ಕರೆದ. ದಿನದ ಕೊನೆಗೆ ಎಲ್ಲರಿಗೂ ಒಂದೇ ಕೂಲಿ ಕೊಟ್ಟ. ಬೆಳಿಗ್ಗೆ ಬಂದವರು ಗೊಣಗಿದರು. ಯಜಮಾನ ಅವರಿಗೆ ಒಪ್ಪಿದ ಕೂಲಿಯಲ್ಲಿ ಒಂದು ಕಾಸೂ ಕಡಿಮೆ ಮಾಡಿರಲಿಲ್ಲ. "ನಿನಗೆ ದೇವರು ಎಂತ ಕಡಿಮೆ ಮಾಡಿದ್ದಾನೆ?" ಎಂದು ಫಾದರ್ ಕೇಳಿದರು. ನನ್ನ ಬಾಯಿಂದ ಉತ್ತರ ಬರಲಿಲ್ಲ. ಕೋಪ ಇದ್ದದ್ದು ಅವಳ ಮೇಲೆ ಎಂದು ನಾನು ತಿಳಿದಿದ್ದೆ. ನಿಜವಾಗಿ ಅದು ಕೊಟ್ಟವನ ಮೇಲಿತ್ತು. ಅವಳಿಗೆ ಯಾಕೆ ಕೊಟ್ಟೆ ಎಂಬ ಕೋಪ.

ಆಮೇಲೆ ಫಾದರ್ ಹೇಳಿದ್ದು ನಾನು ಕೇಳಲು ಹೆದರುತ್ತಿದ್ದ ಮಾತು. "ದೇವರ ಹತ್ತಿರ ಹೇಳಿದೆ, ಒಳ್ಳೆಯದಾಯಿತು. ಆದರೆ ಅವಳದನ್ನು ನೀನು ತೆಗೆದುಕೊಂಡಿದ್ದಿ. ಅದನ್ನು ಅವಳಿಗೇ ಹಿಂದೆ ಕೊಡಬೇಕು." ಪ್ರಾಯಶ್ಚಿತ್ತವಾಗಿ ಈಸ್ಟರ್‌ವರೆಗೆ ಪ್ರತಿದಿನ ಅವಳ ಹೆಸರು ಹೇಳಿ ಪ್ರಾರ್ಥಿಸಬೇಕು ಎಂದರು. ಅವಳಲ್ಲಿರುವ ಒಂದು ಒಳ್ಳೆಯದಕ್ಕಾಗಿ ದೇವರಿಗೆ ವಂದನೆ, ಅವಳಿಗೆ ಇನ್ನೊಂದು ಒಳ್ಳೆಯದಾಗಲಿ ಎಂದು ಕೋರಿಕೆ. ನನಗೆ ಉಪವಾಸ ಸುಲಭ ಅನ್ನಿಸಿತು, ಇದು ಕಷ್ಟ ಅನ್ನಿಸಿತು.

ಸೋಮವಾರ ಸಂಜೆ ಬಸ್ಸಿಗೆ ಕಾಯುತ್ತಿದ್ದಾಗ ಹೇಳಿದೆ. ಪೀಠಿಕೆ ಹಾಕದೆ ಹೇಳಿದೆ, ಇಲ್ಲದಿದ್ದರೆ ಹೇಳುತ್ತಿರಲಿಲ್ಲ. ಅವಳು ತುಂಬಾ ಹೊತ್ತು ರಸ್ತೆ ನೋಡುತ್ತಿದ್ದಳು. ಕೊನೆಗೆ, "ಮೇಡಂಗೆ ನನ್ನ ಬರವಣಿಗೆ ಇಷ್ಟವಾಗಲಿಲ್ಲ ಅಂತ ನಾನು ತಿಳಿದಿದ್ದೆ. ಚೆನ್ನಾಗಿದೆ ಅಂತ ಬಾಯಿಮಾತಿಗೆ ಹೇಳಿದ್ದು ಅಂತ. ಅದಕ್ಕೇ ಬರೆಯುವುದು ಬಿಟ್ಟೆ" ಎಂದಳು. ಬಸ್ಸು ಬಂತು. ಅವಳು ಮುಂದಿನ ಬಾಗಿಲಿನಿಂದ ಹತ್ತಿ ಚಾಲಕರ ಹಿಂದಿನ ಸೀಟಿನಲ್ಲಿ ಕೂತಳು. ನಾನು ಹಿಂದೆ ನಿಂತೆ.

ನಾನು ಕದ್ದದ್ದು ಒಂದು ಪ್ರಮಾಣಪತ್ರ ಎಂದುಕೊಂಡಿದ್ದೆ. ಕದ್ದದ್ದು ಅದಲ್ಲ ಎಂದು ಅಂದು ತಿಳಿಯಿತು.

ಮರುದಿನ ಮೇಡಂಗೂ ಹೇಳಿದೆ. ಅವರು ಬೈದರು. ಬೈಯಬೇಕಾದದ್ದೇ. ಮನೆಯಲ್ಲಿ ಹೇಳಿದಾಗ ಅಪ್ಪ ಏನೂ ಮಾತಾಡದೆ ಚೌಕಟ್ಟನ್ನು ತೆಗೆದು ಕಪಾಟಿನೊಳಗೆ ಇಟ್ಟರು. ಎಲ್ಲದಕ್ಕಿಂತ ನನ್ನನ್ನು ಹೆಚ್ಚು ಚುಚ್ಚಿದ್ದು ಅದೇ.

ಹನ್ನೊಂದು ದಿನ ಅವಳು ನನ್ನೊಡನೆ ಮಾತಾಡಲಿಲ್ಲ. ಆ ಹನ್ನೊಂದು ದಿನವೂ ಅವಳಿಗಾಗಿ ಪ್ರಾರ್ಥನೆ ಮಾಡಿದೆ. ಮೊದಲ ದಿನಗಳಲ್ಲಿ ಅದು ಬರೀ ಬಾಯಿಪಾಠ. 'ಅವಳ ಧೈರ್ಯಕ್ಕೆ ವಂದನೆ' ಎನ್ನುವಾಗ ಗಂಟಲು ಕಟ್ಟುತ್ತಿತ್ತು. ಒಂದು ದಿನ 'ಅವಳ ಅಜ್ಜಿಯ ಕಾಲುನೋವು ಕಡಿಮೆಯಾಗಲಿ' ಎಂದು ಕೇಳಿಕೊಂಡೆ. ಅದು ಮಾತ್ರ ಹೃದಯದಿಂದ ಬಂತು, ಯಾಕೆಂದರೆ ಆ ಅಜ್ಜಿ ನನಗೆ ಎಷ್ಟೋ ಸಲ ಪತ್ತಿರಿ ಕೊಟ್ಟಿದ್ದಾರೆ. ಅಲ್ಲಿಂದ ದಾರಿ ಸ್ವಲ್ಪ ಬಿಟ್ಟುಕೊಂಡಿತು. ಒಬ್ಬರ ಒಳಿತಿಗಾಗಿ ದಿನವೂ ದೇವರ ಹತ್ತಿರ ಬೇಡುತ್ತಾ, ಅವರಿಗೆ ಒಳ್ಳೆಯದಾದಾಗ ಅಳುವುದು ಕಷ್ಟ. ಎರಡರಲ್ಲಿ ಒಂದು ನಿಲ್ಲಲೇಬೇಕು.

ಮಾರ್ಚ್ 21ರ ಶುಕ್ರವಾರ ಪೂಜೆಯಲ್ಲಿ ಓದಿದ್ದು ಆದಿಕಾಂಡದ ಜೋಸೆಫನ ಕಥೆ. ತಂದೆ ಯಕೋಬನಿಗೆ ಅವನ ಮೇಲೆ ಹೆಚ್ಚು ಪ್ರೀತಿ. ಅದನ್ನು ಸಹಿಸದ ಅಣ್ಣಂದಿರು ಅವನನ್ನು ಬಾವಿಗೆ ಹಾಕಿ, ಆಮೇಲೆ ಇಪ್ಪತ್ತು ಬೆಳ್ಳಿ ನಾಣ್ಯಗಳಿಗೆ ಮಾರಿದರು. ಚಿಕ್ಕಂದಿನಿಂದ ಕೇಳಿದ ಕಥೆ. ಆದರೆ ನಾನು ಯಾವಾಗಲೂ ಜೋಸೆಫನ ಕಡೆಯಿಂದ ಕೇಳಿದ್ದೆ. ಆ ದಿನ ಮೊದಲ ಸಲ ಅಣ್ಣಂದಿರ ಕಡೆಯಿಂದ ಕೇಳಿದೆ.

ಮನೆಗೆ ಬಂದು ಕಥೆಯ ಉಳಿದ ಭಾಗವನ್ನು ಓದಿದೆ. ಅದರಲ್ಲಿ ನಾನು ಗಮನಿಸದೇ ಇದ್ದ ಒಬ್ಬನಿದ್ದಾನೆ. ಅವನ ಹೆಸರು ಯೂದ. ಜೋಸೆಫನನ್ನು ಮಾರೋಣ ಎಂದು ಸಲಹೆ ಕೊಟ್ಟವನೇ ಅವನು. ವರ್ಷಗಳ ಮೇಲೆ ಬರಗಾಲ ಬಂದು, ಅಣ್ಣಂದಿರು ಈಜಿಪ್ಟಿಗೆ ಧಾನ್ಯಕ್ಕಾಗಿ ಹೋಗುತ್ತಾರೆ. ಅಲ್ಲಿ ಅಧಿಕಾರಿಯಾಗಿದ್ದ ಜೋಸೆಫನ ಗುರುತು ಅವರಿಗೆ ಸಿಗುವುದಿಲ್ಲ. ಅವನು ಕೊನೆಯ ತಮ್ಮ ಬೆನ್ಯಮೀನನ ಚೀಲದಲ್ಲಿ ಬೆಳ್ಳಿ ಬಟ್ಟಲು ಇಡಿಸಿ, ಅವನನ್ನು ಗುಲಾಮನಾಗಿ ಇಟ್ಟುಕೊಳ್ಳುತ್ತೇನೆ ಎನ್ನುತ್ತಾನೆ. ಬೆನ್ಯಮೀನ ಈಗ ತಂದೆಯ ಅಚ್ಚುಮೆಚ್ಚಿನ ಮಗ. ಅಣ್ಣಂದಿರಿಗೆ ಹಿಂದಿನ ಹಾಗೆಯೇ ಮಾಡುವ ಅವಕಾಶ. ಆಗ ಯೂದ ಮುಂದೆ ಬಂದು, ಹುಡುಗನನ್ನು ಬಿಟ್ಟುಬಿಡಿ, ಅವನ ಬದಲು ನಾನು ಗುಲಾಮನಾಗುತ್ತೇನೆ, ಅವನಿಲ್ಲದೆ ಹೋದರೆ ನಮ್ಮ ತಂದೆ ಬದುಕುವುದಿಲ್ಲ ಎಂದು ಬೇಡಿಕೊಳ್ಳುತ್ತಾನೆ. ಅದನ್ನು ಕೇಳಿದ ಮೇಲೆಯೇ ಜೋಸೆಫನಿಗೆ ಅಳು ತಡೆಯಲಾಗದೆ ತಾನು ಯಾರೆಂದು ಹೇಳುವುದು.

ತಂದೆ ಬೆನ್ಯಮೀನನನ್ನು ಹೆಚ್ಚು ಪ್ರೀತಿಸುತ್ತಿದ್ದದ್ದು ಬದಲಾಗಿರಲಿಲ್ಲ. ಬದಲಾದದ್ದು ಯೂದ. ಹೆಚ್ಚು ಪ್ರೀತಿ ಪಡೆದ ತಮ್ಮನನ್ನು ಇಲ್ಲವಾಗಿಸದೆ ಅವನನ್ನು ಉಳಿಸಲು ನಿಂತ. ಅಸೂಯೆ ಗೆಲ್ಲುವುದು ಎಂದರೆ ನನಗೂ ಅವಳಷ್ಟೇ ಸಿಗುವುದು ಎಂದು ನಾನು ತಿಳಿದಿದ್ದೆ. ಬೈಬಲು ಹೇಳುವುದು ಅದಲ್ಲ. ಅವಳಿಗೆ ಹೆಚ್ಚು ಸಿಕ್ಕಿದೆ, ಅದು ಉಳಿಯಲಿ, ಅದನ್ನು ನಾನು ಕಾಯುತ್ತೇನೆ ಎನ್ನುವುದು.

ಮಾರ್ಚ್ 28, ಶುಕ್ರವಾರ. ಈದ್‌ಗೆ ಮೂರೇ ದಿನ. ಸಂಜೆ ಬಸ್ಸಿನಲ್ಲಿ ಅವಳು ಬಂದು ಪಕ್ಕದಲ್ಲಿ ಕೂತಳು.

"ನೀನು ಹೇಳದೇ ಇದ್ದಿದ್ದರೆ ನನಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ. ಯಾಕೆ ಹೇಳಿದೆ?"

"ದೇವರಿಗೆ ಗೊತ್ತಿತ್ತಲ್ಲ" ಎಂದೆ. ಸ್ವಲ್ಪ ಹೊತ್ತಾದ ಮೇಲೆ, "ಮತ್ತೆ, ನೀನು ಬರೆಯುವುದು ಬಿಟ್ಟಿದ್ದಿಯಲ್ಲ" ಎಂದೂ ಹೇಳಿದೆ.

ಅವಳು ಹೇಳಿದ್ದು ನಾನು ಮರೆಯುವುದಿಲ್ಲ. "ನಾನು ದಿನಾ ಓದುವ ಒಂದು ಸಣ್ಣ ಸೂರಾ ಇದೆ. ಅದರ ಕೊನೆಯಲ್ಲಿ ಅಸೂಯೆಪಡುವವರ ಕೆಡುಕಿನಿಂದ ರಕ್ಷಣೆ ಬೇಡುವ ಮಾತಿದೆ. ಈ ಹತ್ತು ದಿನ ಅದನ್ನು ಓದುವಾಗೆಲ್ಲ ನಿನ್ನ ಮುಖ ಕಣ್ಣ ಮುಂದೆ ಬರುತ್ತಿತ್ತು. ನನಗೆ ಅದು ಬೇಡ ಅನ್ನಿಸಿತು. ಪ್ರಾರ್ಥನೆಯಲ್ಲಿ ನಿನ್ನ ಮುಖ ಹಾಗೆ ಬರುವುದು ಬೇಡ."

ನಾನು ಜೋಸೆಫನ ಕಥೆ ಹೇಳಿದೆ. "ಯೂಸುಫ್ ನಬಿಯವರ ಕಥೆ ಅಲ್ಲವಾ!" ಎಂದಳು. ಕುರ್‌ಆನಿನ ಹನ್ನೆರಡನೇ ಸೂರಾ ಪೂರ್ತಿ ಅವರ ಹೆಸರಿನಲ್ಲೇ ಇದೆಯಂತೆ. (ಈ 'ಅಂತೆ' ನಿಜವಾದ 'ಅಂತೆ'!) ಇಬ್ಬರೂ ನಮಗೆ ಗೊತ್ತಿದ್ದದ್ದನ್ನು ಹೇಳಿಕೊಂಡೆವು. ಕೆಲವು ವಿವರ ಬೇರೆ ಬೇರೆ. ಆದರೆ ಬಾವಿ ಎರಡರಲ್ಲೂ ಇದೆ. ಕೊನೆಗೆ ಅಣ್ಣಂದಿರಿಗೆ ಸಿಗುವ ಕ್ಷಮೆಯೂ ಎರಡರಲ್ಲೂ ಇದೆ. "ನಾನು ನಿನ್ನನ್ನು ಬಾವಿಗೆ ಹಾಕಿದೆ" ಎಂದೆ. "ಹೌದು. ನೀರಿಲ್ಲದ ಬಾವಿ, ಪುಣ್ಯ" ಎಂದಳು. ಹನ್ನೊಂದು ದಿನಗಳ ಮೇಲೆ ಇಬ್ಬರೂ ನಕ್ಕೆವು.

ಎಲ್ಲವೂ ಅಂದೇ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅವಳಿಗೆ ನನ್ನ ಮೇಲೆ ಮೊದಲಿನ ನಂಬಿಕೆ ಬರಲು ತಿಂಗಳುಗಳೇ ಬೇಕಾದವು. ಬಹುಮಾನದ ಪುಸ್ತಕವನ್ನು ಅವಳಿಗೆ ಕೊಟ್ಟೆ. ಓದಿ ಹಿಂದೆ ಕೊಟ್ಟಳು, ಇಷ್ಟವಾದ ಸಾಲುಗಳ ಪಕ್ಕ ಪೆನ್ಸಿಲಿನಲ್ಲಿ ಗೆರೆ ಎಳೆದು. ಈಗ ಆ ಪುಸ್ತಕ ಒಮ್ಮೆ ಅವಳ ಮನೆಯಲ್ಲಿ, ಒಮ್ಮೆ ನಮ್ಮ ಮನೆಯಲ್ಲಿ ಇರುತ್ತದೆ. ನನ್ನ ಅಸೂಯೆಯೂ ಪೂರ್ತಿ ಸತ್ತಿಲ್ಲ. ಕಾಯಿನನಿಗೆ ತಮ್ಮ ಹೇಬೆಲನ ಮೇಲೆ ಕೋಪ ಬಂದಾಗ, ಪಾಪ ನಿನ್ನ ಬಾಗಿಲಲ್ಲಿ ಹೊಂಚು ಹಾಕಿದೆ, ಅದನ್ನು ನೀನು ಹದ್ದಿನಲ್ಲಿಡಬೇಕು ಎಂದು ದೇವರು ಎಚ್ಚರಿಸಿದ್ದರು. ಕಾಯಿನ ಕೇಳಲಿಲ್ಲ. ನನ್ನ ಬಾಗಿಲಲ್ಲೂ ಅದು ಆಗಾಗ ಬಂದು ಕೂರುತ್ತದೆ. ಅಂಕಪಟ್ಟಿ ಬಂದ ದಿನ ತಪ್ಪದೆ ಬರುತ್ತದೆ. ಆಗ ಅವಳ ಹೆಸರು ಹೇಳಿ ದೇವರಿಗೆ ವಂದನೆ ಹೇಳುತ್ತೇನೆ. ಈಸ್ಟರ್‌ಗೆ ಮುಗಿಯಬೇಕಾಗಿದ್ದ ಪ್ರಾಯಶ್ಚಿತ್ತವನ್ನು ನಾನಾಗಿಯೇ ಮುಂದುವರಿಸಿದ್ದೇನೆ.

ಅಜ್ಜಿಯ ಹಾಸಿಗೆಯ ಹತ್ತಿರ ಲಿಸಿಯೂನ ಸಂತ ತೆರೇಸಾ ಅವರ ಪಟವಿದೆ. 1873ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿ, 24ನೇ ವಯಸ್ಸಿನಲ್ಲಿ ತೀರಿಕೊಂಡ ಕಾರ್ಮೆಲ್ ಮಠದ ಸನ್ಯಾಸಿನಿ. ಚಿಕ್ಕವಳಿದ್ದಾಗ ಅವರಿಗೊಂದು ಸಂಶಯ ಬಂದಿತ್ತಂತೆ: ಸ್ವರ್ಗದಲ್ಲಿ ದೇವರು ಎಲ್ಲರಿಗೂ ಒಂದೇ ಸಮ ಮಹಿಮೆ ಯಾಕೆ ಕೊಡುವುದಿಲ್ಲ, ಕಡಿಮೆ ಸಿಕ್ಕವರಿಗೆ ಬೇಸರವಾಗುವುದಿಲ್ಲವೇ ಎಂದು. ಅಕ್ಕ ಪೌಲಿನ್ ಅಪ್ಪನ ದೊಡ್ಡ ಲೋಟವನ್ನೂ ತಂಗಿಯ ಪುಟ್ಟ ಬೆರಳುಟೋಪಿಯನ್ನೂ, ಅಂದರೆ ಹೊಲಿಯುವಾಗ ಬೆರಳಿಗೆ ಹಾಕುವ ಲೋಹದ ಟೋಪಿಯನ್ನೂ, ಪಕ್ಕಪಕ್ಕ ಇಟ್ಟು ಎರಡಕ್ಕೂ ನೀರು ತುಂಬಿಸಿ, ಯಾವುದು ಹೆಚ್ಚು ತುಂಬಿದೆ ಎಂದು ಕೇಳಿದರು. ಎರಡೂ ತುಂಬಿದ್ದವು. ಇನ್ನೊಂದು ಹನಿ ಹಿಡಿಯಲು ಎರಡರಲ್ಲೂ ಜಾಗವಿರಲಿಲ್ಲ. ನನ್ನ ತೊಂದರೆ ನನ್ನ ಪಾತ್ರೆ ಸಣ್ಣದು ಎಂಬುದಾಗಿರಲಿಲ್ಲ. ನಾನು ಅದನ್ನು ಬೋರಲು ಹಾಕಿ ಅವಳ ಲೋಟ ನೋಡುತ್ತಾ ಕೂತಿದ್ದೆ. ಈಗ ಗೊತ್ತಾಗದ್ದನ್ನು ತರಗತಿಯಲ್ಲಿ ನಿಂತು ಕೇಳುತ್ತೇನೆ. ಅದನ್ನು ಕಲಿತದ್ದೂ ಅವಳನ್ನು ನೋಡಿಯೇ.

ಕಳೆದ ಸೆಪ್ಟೆಂಬರ್ 8 ಸೋಮವಾರ ಬಂದಿತ್ತು. ನಾನು ರಜೆ ಮಾಡಿದ್ದೆ. ಮರುದಿನ ಚರ್ಚಿನಲ್ಲಿ ಸಿಕ್ಕ ಕಬ್ಬನ್ನು ಎರಡು ತುಂಡು ಮಾಡಿ ಕಾಗದದಲ್ಲಿ ಸುತ್ತಿ ಬಸ್ಸಿಗೆ ತಂದೆ. ಅಳತೆ ಮಾಡಿರಲಿಲ್ಲ. ಕೈಗೆ ಕೊಟ್ಟಾಗ ಅವಳದು ಉದ್ದ ಇತ್ತು. ಅವಳೇ ಗಮನಿಸಿ, "ಬೇಕಾದರೆ ಬದಲು ಮಾಡುವಾ" ಎಂದಳು. ಬೇಡ ಎಂದೆ. ಈ ಸಲ ನನ್ನ ಕಬ್ಬನ್ನು ತಿಂದು ನೋಡಿದೆ. ಸಿಹಿ ಇತ್ತು.

ಅವಳು ಮತ್ತೆ ಬರೆಯುತ್ತಿದ್ದಾಳೆ. ಇದೇ ಸಂಚಿಕೆಯ ಇನ್ನೊಂದು ಪುಟದಲ್ಲಿ ಅವಳ ಕವನವಿದೆ, ಯಾವುದೆಂದು ಹೇಳುವುದಿಲ್ಲ. ನನ್ನ ಈ ಬರಹಕ್ಕಿಂತ ಅದು ಚೆನ್ನಾಗಿದೆ. ಈ ಸಾಲು ಬರೆಯುವಾಗ ಒಳಗೆ ಸಣ್ಣದಾಗಿ ಏನೋ ಚುಚ್ಚಿತು. ಪೆನ್ನು ಕೆಳಗಿಟ್ಟು ಅವಳಿಗಾಗಿ ಒಂದು ಪ್ರಾರ್ಥನೆ ಹೇಳಿ ಮತ್ತೆ ಬರೆಯುತ್ತಿದ್ದೇನೆ. ದಯವಿಟ್ಟು ಅದನ್ನು ಹುಡುಕಿ ಓದಿ.

– ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ